ಬೆಕ್ಕಿನ ದುಃಖ ನೋಡಲು ಬಂದವರು

ಸಂಜೆ ಆರು ಗಂಟೆ. ಇಡೀ ದಿನ ಬೆಕ್ಕಿನ ಹಿಂದೆಯೇ ಹೋಯಿತು, ಗೆಳೆಯರೇ.

ನನ್ನ ಹೆಂಡತಿ ತೀರಿಕೊಂಡು ಇಪ್ಪತ್ತು ದಿನ. ಅವಳು ಸಾಕಿದ ಗಂಡು ಬೆಕ್ಕು ನಿನ್ನೆಯಿಂದ ಹಾಲು ಮುಟ್ಟದೆ, ಹಿತ್ತಲಲ್ಲಿ ಒಲೆಯ ಬೂದಿ ಸುರಿಯುವ ಜಾಗದಲ್ಲಿ ಮತ್ತೆ ಮತ್ತೆ ಕೂತು ನರಳುತ್ತಿತ್ತು. ಬೆಳಿಗ್ಗೆ ಕೇರಿಯವರೆಲ್ಲ ಬಂದು ನೋಡಿದರು. ಪಕ್ಕದ ಮನೆಯ ಗಂಗಕ್ಕ ಕಣ್ಣೊರೆಸಿಕೊಂಡು, "ಆಕೆ ಉರಿಸಿದ ಒಲೆ ಬೂದಿ ಬಿಟ್ಟು ಏಳ್ತಾನೇ ಇಲ್ಲ ನೋಡ್ರೀ. ನಿಮಗಿಂತ ಇದಕ್ಕೇ ದುಃಖ ಜಾಸ್ತಿ" ಎಂದರು. ಇನ್ನೊಬ್ಬರು ಅದರ ಹಣೆಗೆ ಕುಂಕುಮ ಇಟ್ಟರು.

ಅವರು ಹೋದ ಮೇಲೆ ಬೂದಿ ಕೆದರಿ ನೋಡಿದೆ. ದಿನಾ ಎರಡು ಮೂರು ಸಲ ಅಲ್ಲೇ ಉಚ್ಚೆ ಹೊಯ್ದು ಮುಚ್ಚುತ್ತಿದ್ದ ಬೆಕ್ಕು ಅದು. ಈಗ ಒಂದು ಹನಿಯೂ ಒದ್ದೆಯಿಲ್ಲ. ಬುಟ್ಟಿಯಲ್ಲಿ ಹಾಕಿಕೊಂಡು ಶಿಕಾರಿಪುರದ ದನದ ಆಸ್ಪತ್ರೆಗೆ ಓಡಿದೆ.

ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ರೇಗಿದರು. "ದುಃಖ ಅಲ್ರೀ ಇದು, ಉಚ್ಚೆ ಕಟ್ಟೈತಿ! ನಾಳೆವರೆಗೆ ಬಿಟ್ಟಿದ್ರೆ ಸತ್ತೇ ಹೋಗ್ತಿತ್ತು." ಸಣ್ಣ ನಳಿಕೆ ಹಾಕಿದ್ದೇ ತಡ, ಅವರ ಬಿಳಿ ಅಂಗಿ ತೊಯ್ದುಹೋಯಿತು.

ಮನೆಗೆ ಬಂದ ಬೆಕ್ಕು ಬಟ್ಟಲು ಹಾಲು ಕುಡಿದು ಮಲಗಿತು. ಗಂಗಕ್ಕ ಬೇಲಿಯಾಚೆಯಿಂದ ಇಣುಕಿ, "ಇಷ್ಟು ಬೇಗ ಮರೆತುಬಿಡ್ತಾ? ಎಷ್ಟಾದ್ರೂ ಗಂಡುಜಾತಿ" ಎಂದು ಒಳಗೆ ಹೋದರು.

ನಾಳೆ ಎಂಟಕ್ಕೆ ಅದನ್ನು ಮತ್ತೆ ಡಾಕ್ಟರಿಗೆ ತೋರಿಸಬೇಕು.