ಎರಡನೆಯ ಬ್ರೇಕು

ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಬ್ರೇಕು ಎರಡು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಡಿ. ಕಲಿಯುವವರು ದಿಕ್ಕು ತಪ್ಪಿ ಲಾರಿಯ ಹಿಂಬದಿಗೆ ನುಗ್ಗಲು ಹೊರಟಾಗ ಮೇಷ್ಟ್ರು ತಮ್ಮದನ್ನು ತುಳಿಯುತ್ತಾರೆ. ಎಲ್ಲರೂ ಮನೆಗೆ ಹೋಗಿ ಊಟ ಮಾಡುತ್ತಾರೆ. ಈ ಕೆಲಸವನ್ನೇ ತಲೆ ಹಣ್ಣಾಗುವವರೆಗೆ ಮಾಡಿದ ಒಬ್ಬರಿದ್ದರು. ಅವರ ಹೆಸರು ಎಲ್ಲರಿಗೂ ಮರೆತೇ ಹೋಗಿ ಬ್ರೇಕ್ ಮೇಷ್ಟ್ರು ಎಂಬುದೊಂದೇ ಉಳಿದಿತ್ತು. ಅವರಿಗೂ ಅದು ಒಳಗೊಳಗೇ ಹಿಗ್ಗು. "ನಂಗೆ ಕಣ್ಣು ಮೂರು. ಮೂರನೇದು ಬಲಗಾಲಲ್ಲಿದೆ" ಎಂದು ಹೊಸಬರಿಗೆ ಮೊದಲ ದಿನವೇ ಹೇಳಿಬಿಡುತ್ತಿದ್ದರು.

ಸ್ವಂತ ಸ್ಕೂಲು, ಇದ್ದದ್ದೊಂದೇ ಕಾರು. ಬಾಯಿ ಬಲು ಜೋರು. ಕ್ಲಚ್ ತುಳಿಯಲು ಹೆದರುವವರಿಗೆ "ಅದೇನು ಹಾವಾ, ಕಚ್ಚತ್ತಾ?" ಎನ್ನುವರು. ತಿರುವಿನಲ್ಲಿ ಕಣ್ಣು ಮುಚ್ಚಿಕೊಂಡ ಗುಮಾಸ್ತನಿಗೆ "ಕಣ್ಣು ಬಿಡಪ್ಪಾ, ನಿದ್ದೆ ಆಫೀಸಲ್ಲಿ ಮಾಡೋವಂತೆ" ಎಂದಿದ್ದರು. ಬೈಸಿಕೊಂಡವರೇ ಮುಂದೆ ತಮ್ಮ ಮಕ್ಕಳನ್ನೂ ಅವರ ಬಳಿಗೆ ಕಳಿಸುತ್ತಿದ್ದರು. ಆ ಕಾಲಿನ ಮೇಲೆ ಜನರಿಗೆ ಅಷ್ಟು ನಂಬಿಕೆ, ಮೇಷ್ಟ್ರ ಅನ್ನವೂ ಅದರ ಮೇಲೇ ನಿಂತಿತ್ತು. ಮೈಯಲ್ಲಿ ಸಕ್ಕರೆ ಕಾಯಿಲೆ ಇತ್ತು, ನಿಜ. ಡಾಕ್ಟರ ಬಳಿ ಹೋಗಿ ಬನ್ನಿ ಎಂದು ಹೆಂಡತಿ ಹೇಳಿದಾಗಲೆಲ್ಲ "ಮಾತ್ರೆ ನುಂಗ್ತಿದೀನಲ್ಲ ಕಣೇ, ಇನ್ನೇನು ಡಾಕ್ಟ್ರನ್ನೇ ನುಂಗ್ಲಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಹೀಗಿರುವಾಗ ಕಾರು ಅದುರಲು ಶುರುವಾಯಿತು.

ಮೊದಲು ಹೇಳಿದವಳು ಒಬ್ಬ ಕಾಲೇಜು ಹುಡುಗಿ. "ಸರ್, ಬ್ರೇಕ್ ಒತ್ತಿದ್ರೆ ಕಾಲಿಗೆ ಡಬಡಬ ಅಂತ ಹೊಡೀತಿದೆ." ಮೇಷ್ಟ್ರು ತಮ್ಮ ಬ್ರೇಕನ್ನು ತುಳಿದು ನೋಡಿದರು. "ನಂಗೇನೂ ಗೊತ್ತಾಗ್ತಿಲ್ವಲ್ಲ. ನಡುಕ ಕಾರಲ್ಲಲ್ಲ ತಾಯಿ, ನಿನ್ನ ಕಾಲಲ್ಲಿದೆ." ಆದರೆ ಗುಮಾಸ್ತನೂ ಅದನ್ನೇ ಹೇಳಿದ. ಕೊನೆಗೆ ಮೇಷ್ಟ್ರೇ ಸ್ಟಿಯರಿಂಗ್ ಹಿಡಿದು ಓಡಿಸಿದಾಗ ಅದು ಕೈಯಲ್ಲಿ ಗಡಗಡ ಅಲ್ಲಾಡಿತು. ಸುಳ್ಳಲ್ಲ ಎಂದು ಗೊತ್ತಾಯಿತು.

ಹೆಂಡತಿಯ ತಮ್ಮನದೇ ಗ್ಯಾರೇಜು. ಮಾತು ಕಡಿಮೆಯ ಮನುಷ್ಯ. ಚಕ್ರಗಳ ಬ್ಯಾಲೆನ್ಸ್ ನೋಡಿದ, ಮುಂದಿನ ಟೈರು ಹಿಂದಕ್ಕೆ ಹಾಕಿದ, ಎಂಜಿನ್ ಕೂತಿರುವ ರಬ್ಬರುಗಳನ್ನೂ ಬದಲಿಸಿದ. ಅದುರುವುದು ನಿಲ್ಲಲಿಲ್ಲ. ಕೊನೆಗೆ ಮುಂದಿನ ಚಕ್ರ ಬಿಚ್ಚಿ, ಬ್ರೇಕು ಹಿಡಿಯುವ ಉಕ್ಕಿನ ತಟ್ಟೆಯನ್ನು ತೋರಿಸಿದ. ಕಾದು ಕಾದು ಅದು ಅಲ್ಲಲ್ಲಿ ನೀಲಿಯಾಗಿತ್ತು, ಅಂಚು ಸೊಟ್ಟಗಾಗಿತ್ತು. ಹೊಸ ತಟ್ಟೆ ಹಾಕಿದರು. ತಿಂಗಳು ತುಂಬುವುದರೊಳಗೆ ಅದೂ ನೀಲಿ, ಅದೂ ಸೊಟ್ಟ.

"ಬ್ರೇಕು ತಾನಾಗೇ ಹಿಡ್ಕೊಂಡಿದ್ಯಾ ಅಂತ ಪೂರ್ತಿ ಬಿಚ್ಚಿ ನೋಡ್ದೆ ಭಾವ, ಎಲ್ಲಾ ಸರಿಯಿದೆ" ಎಂದ ಭಾವಮೈದ. "ಯಾರೋ ಇಡೀ ದಿನ ಬ್ರೇಕಿನ ಮೇಲೆ ಕಾಲಿಟ್ಕೊಂಡೇ ಓಡಿಸ್ತಿದಾರೆ."

ಮೇಷ್ಟ್ರಿಗೆ ಅಷ್ಟು ಸಾಕಾಯಿತು. ಮರುದಿನದಿಂದ ಎಲ್ಲರ ಕಾಲಿನ ಮೇಲೂ ಅನುಮಾನ. ಗುಮಾಸ್ತ ಮುಖ ಗಂಟು ಹಾಕಿಕೊಂಡ. ಹುಡುಗಿಗಂತೂ ನಡುರಸ್ತೆಯಲ್ಲಿ, ಕಿಟಕಿ ಇಳಿಸಿಕೊಂಡೇ, "ಕಾಲು ತೆಗಿ ಅಂದ್ರೆ ತೆಗೀಬೇಕು, ನನ್ನ ಕಾರು ಸುಡೋಕ್ ಬಂದಿದೀಯಾ?" ಎಂದು ಕೂಗಿದರು. "ತೆಗ್ದಿದೀನಿ ಸರ್, ದೇವರಾಣೆ" ಎಂದು ಅತ್ತಳು. ಮತ್ತೆ ಬರಲಿಲ್ಲ. ಆಣೆ ಹಾಕಿದವರನ್ನು ಮೇಷ್ಟ್ರು ಮೊದಲಿನಿಂದಲೂ ನಂಬಿದವರಲ್ಲ.

ಕಳ್ಳರನ್ನು ಕೈಯಾರೆ ಹಿಡಿಯಬೇಕೆಂದು ಅವರೇ ಉಪಾಯ ಹೂಡಿದರು. ಬ್ರೇಕು ಒತ್ತಿದರೆ ಹಿಂದೆ ಕೆಂಪು ದೀಪ ಹೊತ್ತುತ್ತದಲ್ಲ, ಭಾವಮೈದನ ಕೈಲಿ ಅದರ ವೈರನ್ನು ಮುಂದಕ್ಕೂ ಎಳೆಸಿ, ಒಂದು ಪುಟ್ಟ ಬಲ್ಬನ್ನು ಕಣ್ಣಿಗೆ ಕಾಣುವಂತೆ ಸ್ಟಿಯರಿಂಗ್ ಪಕ್ಕ ಕೂರಿಸಿದರು.

ಅಂದು ಬಂದವರು ನರ್ಸಮ್ಮ. ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ, ನಡುವಯಸ್ಸು, ಬೈದರೆ ತಲೆ ಕೆಡಿಸಿಕೊಳ್ಳದ ಹೆಂಗಸು. ಗೋದಾಮುಗಳ ಹಿಂದಿನ ನೇರ ರಸ್ತೆಗೆ ಕಾರು ಬಂದದ್ದೇ ಬಲ್ಬು ಕೆಂಪಗೆ ಹೊತ್ತಿಕೊಂಡಿತು.

"ಸಿಕ್ಕಿಬಿದ್ರಿ! ಕಾಲು ತೆಗೀರಿ ನರ್ಸಮ್ಮ."

"ತೆಗ್ದಿದೀನಿ ಸರ್."

"ಬಲ್ಬು ಸುಳ್ಳು ಹೇಳತ್ತಾ? ತೆಗೀರಿ ಅಂದೆ!"

ನರ್ಸಮ್ಮ ಕಾರನ್ನು ಬದಿಗೆ ನಿಲ್ಲಿಸಿ, ಗೇರು ತೆಗೆದು, ಕೈಬ್ರೇಕು ಎಳೆದರು. ಆಮೇಲೆ ಚಪ್ಪಲಿ ಕಳಚಿ, ಎರಡೂ ಕಾಲನ್ನು ಸೀಟಿನ ಮೇಲೆಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತರು. "ಈಗ ಹೇಳಿ ಸರ್, ಯಾರ ಕಾಲು?"

ಬಲ್ಬು ಉರಿಯುತ್ತಲೇ ಇತ್ತು.

"ಭಾವಮೈದ ವೈರು ತಪ್ಪು ಕೊಟ್ಟಿದಾನೆ" ಎಂದರು ಮೇಷ್ಟ್ರು.

"ಕೆಳಗೆ ನೋಡ್ಕೊಳಿ ಸರ್."

ಮೇಷ್ಟ್ರು ಬಗ್ಗಿ ನೋಡಿದರು. ಕಂದು ಶೂ ಹಾಕಿದ ಅವರದೇ ಬಲಗಾಲು ಎರಡನೆಯ ಬ್ರೇಕಿನ ಮೇಲೆ ಆರಾಮವಾಗಿ ಕೂತಿತ್ತು. ಅದು ಪಕ್ಕದ ಮ್ಯಾಟಿನ ಮೇಲಿದೆ ಎಂದೇ ಅವರು ತಿಳಿದಿದ್ದರು. ಕಾಲೆತ್ತಿದರು, ಬಲ್ಬು ಆರಿತು. ಕಣ್ಣು ರಸ್ತೆಯ ಮೇಲಿಟ್ಟು, ಮ್ಯಾಟಿನ ಮೇಲೆ ಎಂದುಕೊಂಡು ಕಾಲಿಟ್ಟರು, ಬಲ್ಬು ಹೊತ್ತಿತು. ಮತ್ತೆ ಎತ್ತಿದರು, ಮತ್ತೆ ಇಟ್ಟರು. ನೋಡದೆ ಇಟ್ಟಾಗಲೆಲ್ಲ ಅದು ಎಲ್ಲಿ ಬಿತ್ತೆಂದು ಕಾಲಿಗೂ ಗೊತ್ತಿರಲಿಲ್ಲ, ಮೇಷ್ಟ್ರಿಗೂ ಗೊತ್ತಿರಲಿಲ್ಲ. ತಾವು ತೋಡಿದ ಗುಂಡಿಗೆ ತಾವೇ ಬಿದ್ದಿದ್ದರು.

ಅತ್ತುಕೊಂಡು ಹೋದ ಹುಡುಗಿಯ ಮುಖ ಕಣ್ಣೆದುರು ಬಂತು. ಅದರ ಬೆನ್ನಿಗೇ ಬೇರೊಂದು ಯೋಚನೆ. ತುಳಿದದ್ದೇ ತಿಳಿಯದ ಕಾಲು, ತುಳಿಯಬೇಕಾದಾಗ ತುಳಿದಿದೆ ಎಂದು ಏನು ಗ್ಯಾರಂಟಿ? ಇಷ್ಟು ದಿನ ಪಕ್ಕದಲ್ಲಿ ಸ್ಟಿಯರಿಂಗ್ ಹಿಡಿದು ಕೂತವರೆಲ್ಲ ಬರೀ ಅದೃಷ್ಟದಿಂದ ಮನೆ ಸೇರಿದ್ದರು. ಮೇಷ್ಟ್ರಿಗೆ ಹೆದರಿಕೆಯಾಯಿತು. ಕಾರಿನಲ್ಲಿ ಕೂತು ಅವರು ಹೆದರಿದ್ದು ಅದೇ ಮೊದಲು.

"ಸಕ್ಕರೆ ಕಾಯಿಲೆ ಇದ್ಯಾ?" ನರ್ಸಮ್ಮನ ದನಿ ಬದಲಾಗಿತ್ತು.

"ಇದೆ. ಮಾತ್ರೆ ತಗೋತೀನಿ."

"ಶೂ ಬಿಚ್ಚಿ."

"ಇಲ್ಲೆಲ್ಲಾ ಯಾಕೆ..."

"ಬಿಚ್ಚಿ ಅಂದ್ರೆ ಬಿಚ್ಬೇಕು ಸರ್."

ಶೂ ಬಂತು, ಕಾಲುಚೀಲ ಬರಲಿಲ್ಲ. ಅಂಗಾಲಿಗೆ ಅಂಟಿಕೊಂಡಿತ್ತು. ನರ್ಸಮ್ಮ ನೀರಿನ ಬಾಟಲಿ ತೆಗೆದು ನೆನೆಸಿ, ನಿಧಾನವಾಗಿ ಸುಲಿದರು. ಕಾರಿನ ತುಂಬ ವಾಸನೆ ಎದ್ದಿತು. ಶೂ ಒಳಗಿನ ಮೊಳೆಯೊಂದು ಮೇಲೆದ್ದು, ಎಷ್ಟು ದಿನದಿಂದಲೋ ಅಂಗಾಲನ್ನು ಕೊರೆದಿತ್ತು. ಹೆಬ್ಬೆರಳು ಕಪ್ಪಾಗಿತ್ತು.

"ನೋವಿಲ್ವಾ?"

"ಒಂಚೂರೂ ಇಲ್ಲ" ಎಂದರು ಮೇಷ್ಟ್ರು, ಒಳ್ಳೆಯ ಸುದ್ದಿ ಹೇಳುವವರ ಹಾಗೆ.

ನರ್ಸಮ್ಮ ಮುಖ ತಿರುಗಿಸಿದರು. "ನೋವಿದ್ದಿದ್ರೆ ಚೆನ್ನಾಗಿತ್ತು ಸರ್. ಸಕ್ಕರೆ ಕಾಯಿಲೆ ಕಾಲನ್ನೇ ಮರಗಟ್ಟಿಸಿಬಿಟ್ಟಿದೆ."

"ಕಾಲು ಉಳಿಯತ್ತಾ?"

"ಬೆರಳು ಉಳಿಯಲ್ಲ. ಕಾಲಿನ ವಿಷಯ ಡಾಕ್ಟ್ರು ಹೇಳ್ತಾರೆ. ಈಗ್ಲೇ ಹೋಗೋಣ."

ಮೇಷ್ಟ್ರು ಅಭ್ಯಾಸಬಲದಿಂದ ಬಾಗಿಲಿಗೆ ಕೈ ಹಾಕಿದರು, ಆ ಕಡೆ ಹೋಗಿ ತಾವೇ ಓಡಿಸಲು. ನರ್ಸಮ್ಮ ಅಲುಗಾಡದೆ ಕೂತಿದ್ದರು.

"ನೀವಿನ್ನೂ ಪೇಟೆ ಟ್ರಾಫಿಕ್ಕಿಗೆ ಹೋಗೇ ಇಲ್ವಲ್ಲ ನರ್ಸಮ್ಮ."

"ಇವತ್ತು ಹೋಗ್ತೀನಿ."

ಎರಡು ಸಲ ಎಂಜಿನ್ ಆಫ್ ಮಾಡಿಕೊಂಡು, ಮೂರನೆಯ ಸಲಕ್ಕೆ ಹೊರಟರು. ಮೇಷ್ಟ್ರು ಬೈಯಲಿಲ್ಲ. ಬಲಗಾಲು ತಾನಾಗಿ ಬ್ರೇಕಿನತ್ತ ಜಾರಬಾರದೆಂದು ಎರಡೂ ಕೈಯಿಂದ ಮೊಣಕಾಲನ್ನು ಎದೆಗೆ ಎಳೆದು ಹಿಡಿದುಕೊಂಡರು. ವೃತ್ತದಲ್ಲಿ ಮುಂದಿನ ಲಾರಿ ಗಕ್ಕನೆ ನಿಂತಿತು. ಅವರ ಇಡೀ ಮೈ ತುಳಿ ತುಳಿ ಎಂದು ಕೂಗಿತು. ಕಣ್ಣು ಮುಚ್ಚಿ ಕಾಲನ್ನು ಇನ್ನೂ ಬಿಗಿಯಾಗಿ ಹಿಡಿದರು. ನರ್ಸಮ್ಮ ತುಳಿದರು. ಕಾರು ಗಡಗಡ ಅದುರಿ, ಲಾರಿಗೆ ಗೇಣಂತರದಲ್ಲಿ ನಿಂತಿತು.

"ಸರಿಯಾಗಿ ತುಳಿದ್ರಿ" ಎಂದರು ಮೇಷ್ಟ್ರು. ಆಸ್ಪತ್ರೆಯ ಗೇಟು ದಾಟುವವರೆಗೂ ಮೊಣಕಾಲನ್ನು ಬಿಡಲಿಲ್ಲ.