ಮಾತು ಬಿಟ್ಟ ಜನರೇಟರು

ಖಾಸಬಾಗದಲ್ಲಿ ಜನರೇಟರು ಮಾರಿ, ರಿಪೇರಿಯನ್ನೂ ಮಾಡಿಕೊಡುವ ಅಂಗಡಿಯೊಂದರಲ್ಲಿ ನಾನು ಕೆಲಸಕ್ಕೆ ಸೇರಿ ಆಗ ಮೂರು ವರ್ಷವಾಗಿತ್ತು. ಎರಡು ಸಾವಿರದ ಇಸವಿಯ ಆಚೀಚೆ. ಇಂಜಿನ್ ಬಿಚ್ಚಿ ಜೋಡಿಸುವವರು ನಾಲ್ವರು ಗಂಡಸರು; ಪ್ಯಾನೆಲ್, ಸರ್ಕ್ಯೂಟ್ ಕಾರ್ಡು, ವೈರಿನ ಕೆಲಸ ನನ್ನದು. ಹೆಗಲಿನ ಚೀಲದಲ್ಲಿ ಮೀಟರು, ಸ್ಕ್ರೂಡ್ರೈವರು ಹಾಕಿಕೊಂಡು ಹೋದರೆ ಮೊದಮೊದಲು ಗಿರಾಕಿಗಳು ನನ್ನ ಹಿಂದೆ ಇನ್ಯಾರೋ ಬರುತ್ತಿದ್ದಾರೆಂದು ಗೇಟಿನ ಕಡೆ ನೋಡುತ್ತಿದ್ದರು. ಆಮೇಲೆ ನೋಡುವುದನ್ನು ಬಿಟ್ಟರು. ನಾನು ಮುಟ್ಟಿದ ಕೆಲಸ ಎರಡನೆಯ ಸಲ ವಾಪಸು ಬರುತ್ತಿರಲಿಲ್ಲ. ಅದರ ಬಗ್ಗೆ ನನಗೆ ಒಂದಿಷ್ಟು ಜಂಬವೂ ಇತ್ತು.

ಖಾನಾಪುರದ ಆ ಒಂದು ಮನೆಯ ಕೆಲಸ ಮಾತ್ರ ಮೂರು ಸಲ ಬಂತು.

ಆ ಮನೆಯಲ್ಲಿ ಅಕ್ಕ, ತಮ್ಮ ಇಬ್ಬರೇ ಇದ್ದರು. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಶ್ವಾಸಕೋಶ ಸೋತಿತ್ತು. ಮಂಚದ ಬಾಜುವಿನಲ್ಲಿ ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಮಷೀನು. ಅದರಿಂದ ಬಂದ ತೆಳು ನಳಿಕೆ ಸದಾ ಮೂಗಿನ ಕೆಳಗೆ. ತಮ್ಮ ಶಾಲೆಯೊಂದರಲ್ಲಿ ಗುಮಾಸ್ತರು. ಹೆಂಡತಿ ತೀರಿಹೋದ ಮೇಲೆ ಅಕ್ಕನ ಜೊತೆ ಇದ್ದು, ಒಂದು ಎಮ್ಮೆ ಸಾಕಿಕೊಂಡಿದ್ದರು. ನಾನು ಅಕ್ಕನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೂ ತಮ್ಮನನ್ನು ಮಾಮಾ ಎಂದೂ ಕರೆಯುತ್ತಿದ್ದೆ.

ಕರೆಂಟು ಹೋದರೆ ಮಾವಶಿಯ ಮಷೀನು ನಿಲ್ಲುತ್ತಿತ್ತು. ಅದಕ್ಕೇ ಜನರೇಟರು ಹಾಕಿಸಿದ್ದರು. ಸದ್ದು ಒಳಗೆ ಬರಬಾರದೆಂದು ಅದನ್ನು ಹಿತ್ತಲಿನ ತುದಿಯಲ್ಲಿ, ಎಮ್ಮೆಯ ಕೊಟ್ಟಿಗೆಯ ಆಚೆ ಕೂರಿಸಿದ್ದೆವು. ಮಾವಶಿಯ ಕೋಣೆಯ ಗೋಡೆಯ ಮೇಲೆ ಒಂದು ಪ್ಯಾನೆಲ್. ಎರಡರ ನಡುವೆ ನೆಲದೊಳಗಿನ ಪೈಪಿನಲ್ಲಿ ಒಂದು ಸಣ್ಣ ವೈರು. ಕರೆಂಟು ಹೋದ ಕೂಡಲೇ ಪ್ಯಾನೆಲ್ ಆ ವೈರಿನ ಮೂಲಕ ಜನರೇಟರಿಗೆ ಶುರುವಾಗು ಎನ್ನಬೇಕು; ಶುರುವಾದೆ ಎಂದು ಅದು ತಿರುಗಿ ಹೇಳಬೇಕು; ಆಗ ಪ್ಯಾನೆಲ್ ಮನೆಯನ್ನು ತಾನೇ ಜನರೇಟರಿಗೆ ಬದಲಿಸುತ್ತದೆ. ಈ ಮಾತುಕತೆ ಕಡಿದರೆ ಪ್ಯಾನೆಲಿನಲ್ಲಿ ಕೆಂಪು ದೀಪ ಹತ್ತುತ್ತದೆ. ನಾವು ಅದನ್ನು ಕಮ್ಯುನಿಕೇಶನ್ ಫಾಲ್ಟ್ ಎನ್ನುತ್ತಿದ್ದೆವು. ಒಮ್ಮೆ ಹತ್ತಿದ ದೀಪ, ವೈರು ಸರಿಹೋದ ಮೇಲೂ ಗುಂಡಿ ಒತ್ತುವ ತನಕ ಆರುವುದಿಲ್ಲ. ಆ ತನಕ ಜನರೇಟರು ತಾನಾಗಿ ಏಳುವುದೂ ಇಲ್ಲ.

ಮೊದಲ ಸಲ ನಾನು ಹೋದದ್ದು ಮಧ್ಯಾಹ್ನ. ಎರಡೂ ಕಡೆ ವೈರು ಬಿಚ್ಚಿ ಮೀಟರು ಹಿಡಿದೆ, ವೈರು ಸರಿಯಿತ್ತು. ಸ್ಕ್ರೂ ಬಿಗಿ ಮಾಡಿ, ಗುಂಡಿ ಒತ್ತಿದೆ. ದೀಪ ಆರಿತು. ಮುಗಿಯಿತು ಎಂದುಕೊಂಡು ಬಸ್ಸು ಹತ್ತಿದೆ.

ಒಂದು ವಾರಕ್ಕೆ ಮತ್ತೆ ಫೋನು ಬಂತು. ನಮ್ಮ ಮಾಲೀಕರು, “ಆ ಪ್ಯಾನೆಲ್ಲೇ ಕೆಟ್ಟದ. ಹೊಸಾದು ಒಯ್ದು ಹಾಕಿ ಬಂದ್ಬಿಡು” ಎಂದರು. ನನಗೂ ಹಾಗೆಯೇ ಅನಿಸಿತ್ತು. ಅವತ್ತು ಹೊಸ ಪ್ಯಾನೆಲ್ ಕೂರಿಸುವ ಹೊತ್ತಿಗೆ ಸಂಜೆ ಐದಾಯಿತು. ಮಾಮಾ ಚಹಾ ಕೊಟ್ಟು, ಹಾಲು ಹಿಂಡಲು ಬಕೆಟ್ಟು ಹಿಡಿದು ಹಿತ್ತಲಿಗೆ ಹೋದರು. ನಾನು ಮಾವಶಿಯ ಮಂಚದ ಎದುರು ಕುಳಿತು ಚಹಾ ಕುಡಿಯುತ್ತಿದ್ದೆ. ನೋಡನೋಡುತ್ತಿದ್ದಂತೆ ಹೊಸ ಪ್ಯಾನೆಲಿನಲ್ಲೂ ಅದೇ ಕೆಂಪು ದೀಪ ಹತ್ತಿತು. ಕಪ್ಪು ಕೆಳಗಿಡುವುದರೊಳಗೆ ಕರೆಂಟೂ ಹೋಯಿತು.

ಆಮ್ಲಜನಕದ ಮಷೀನು ಕೀ ಎಂದು ಕೂಗಿ ನಿಂತಿತು. ಜನರೇಟರು ಏಳಲಿಲ್ಲ.

ಮಾವಶಿ ಗಾಬರಿಯಾಗಲಿಲ್ಲ. ಮಂಚದ ತಲೆಗಡೆ ಇದ್ದ ಸಿಲಿಂಡರಿನ ತಿರುಪು ತಾವೇ ತಿರುಗಿಸಿ, ನಳಿಕೆ ಬದಲಿಸಿಕೊಂಡು, ನನಗೆ ಹಿತ್ತಲ ಕಡೆ ಕೈ ತೋರಿಸಿದರು. ಓಡಿದೆ. ಹಾಲು ಹಿಂಡುತ್ತಿದ್ದ ಮಾಮಾ ಎದ್ದು ನಿಲ್ಲುವಷ್ಟರಲ್ಲಿ ಅವರ ಎಮ್ಮೆಯನ್ನು ದಾಟಿ ಹೋಗಿ ಕೀಲಿ ತಿರುಗಿಸಿದೆ. ಇಂಜಿನ್ ಎದ್ದಿತು. ಮತ್ತೆ ಓಡಿ ಬಂದು, ಮನೆಯನ್ನು ಕೈಯಾರೆ ಜನರೇಟರಿಗೆ ಬದಲಿಸುವ ಲಿವರ್ ಎಳೆದೆ. ಮಷೀನು ಶುರುವಾಯಿತು. ನಾನು ಆಗಲೇ ಚೀಲದಲ್ಲಿ ಸ್ಕ್ರೂಡ್ರೈವರು ಹುಡುಕುತ್ತಿದ್ದೆ. ಮಾವಶಿ ಸಿಲಿಂಡರು ಬಂದ್ ಮಾಡಿ, ನಳಿಕೆಯನ್ನು ಮತ್ತೆ ಮಷೀನಿಗೆ ಬದಲಿಸಿಕೊಂಡರು.

“ಕುಂದರು ತಂಗಿ, ಮೊದಲ ನೀ ಉಸಿರು ತೊಗೊ” ಎಂದರು.

ಕರೆಂಟು ಬಂದು, ಮಾಮಾ ಎಮ್ಮೆಯನ್ನು ಬಿಚ್ಚಿ ಬೇರೆ ಕಡೆ ಕಟ್ಟಿ ಬಂದ ಮೇಲೆ ನಾನು ಮತ್ತೊಮ್ಮೆ ವೈರು ಅಳೆದೆ. ಮೀಟರು ಮತ್ತೆ ಸರಿಯಿದೆ ಎಂದಿತು. ಆಗ ನಿಜಕ್ಕೂ ಅವಮಾನವಾಯಿತು. ಕೆಟ್ಟದ್ದು ಕಣ್ಣೆದುರೇ ಕೆಟ್ಟಿತ್ತು, ಆದರೆ ನನ್ನ ಕೈಯಲ್ಲಿದ್ದ ಯಂತ್ರ ಏನೂ ಆಗಿಲ್ಲ ಎನ್ನುತ್ತಿತ್ತು.

ಹೊರಡುವಾಗ ಮಾವಶಿ ದಿಂಬಿನ ಕೆಳಗಿನಿಂದ ಒಂದು ನೋಟಬುಕ್ ತೆಗೆದು ಕೊಟ್ಟರು. ಕೆಂಪು ದೀಪ ಹತ್ತಿದಾಗಲೆಲ್ಲ ಅವರು ತಾರೀಖು, ಗಂಟೆ, ನಿಮಿಷ ಬರೆದು, ಆಮೇಲೆ ತಮ್ಮನಿಂದ ಗುಂಡಿ ಒತ್ತಿಸಿ ದೀಪ ಆರಿಸಿಕೊಂಡಿದ್ದರು. ದುಂಡು ಅಕ್ಷರ, ಒಂದು ಸಾಲೂ ಓರೆಯಿಲ್ಲ. “ಟ್ರಂಕ್ ಕಾಲ್ ಬರದು ಬರದು ಚಟಾ ಆಗೇತಿ. ನಿನಗ ಉಪಯೋಗ ಆಗಬಹುದು, ಒಯ್ಯಿ” ಎಂದರು.

ಬಸ್ಸಿನಲ್ಲಿ ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ಬೆಳಿಗ್ಗೆ ಆರೂವರೆಯ ಸುಮಾರು, ಸಂಜೆ ಐದೂಕಾಲರ ಸುಮಾರು. ಮಧ್ಯಾಹ್ನ ಒಂದೂ ಇಲ್ಲ. ಸಂಜೆ ಊರವರೆಲ್ಲ ದೀಪ ಹಾಕುವಾಗ ವೋಲ್ಟೇಜು ಬೀಳುತ್ತದೆ, ಬೆಳಿಗ್ಗೆ ನೀರಿನ ಮೋಟರು ಹಚ್ಚುವಾಗ ಬೀಳುತ್ತದೆ. ಪ್ಯಾನೆಲಿಗೆ ಅದು ತಡೆಯುತ್ತಿಲ್ಲ ಎಂದು ಲೆಕ್ಕ ಹಾಕಿದೆ. ಶಹಾಪುರದ ನನ್ನ ಮನೆ ಮುಟ್ಟುವಷ್ಟರಲ್ಲಿ ನನ್ನ ಧೈರ್ಯ ವಾಪಸು ಬಂದಿತ್ತು. ಮರುದಿನ ಬೆಳಿಗ್ಗೆಯೇ ಒಂದು ಸ್ಟೆಬಿಲೈಜರ್ ಹೊತ್ತುಕೊಂಡು ಖಾನಾಪುರದಲ್ಲಿ ಇಳಿದೆ.

ಮಾವಶಿ ನನ್ನ ಮಾತನ್ನೆಲ್ಲ ಕೇಳಿದರು. ಆಮೇಲೆ ನಿಧಾನವಾಗಿ, ನಡುನಡುವೆ ಉಸಿರೆಳೆದುಕೊಳ್ಳುತ್ತ ಕೇಳಿದರು:

“ಲೈನ್ ಟೆಸ್ಟ್ ಮಾಡೀದಿ?”

“ಎರಡು ಸಲ ಮಾಡೇನ್ರಿ. ಲೈನ್ ಛಲೋ ಅದ.”

“ಯಾವಾಗ ಮಾಡೀದಿ?”

“ಒಮ್ಮೆ ಮಧ್ಯಾಹ್ನ. ಒಮ್ಮೆ ನಿನ್ನೆ, ಕರೆಂಟು ಬಂದ ಮ್ಯಾಲೆ.”

“ದೀಪ ಹತ್ತೂದು ಯಾವಾಗ?”

ನಾನು ನೋಟಬುಕ್ ತೆಗೆದು ಮತ್ತೊಮ್ಮೆ ಹೊತ್ತು ನೋಡಿದೆ.

“ಎಕ್ಸ್‌ಚೇಂಜಿನಾಗೂ ಹಿಂಗ ಆಗತಿತ್ತು” ಎಂದರು. “ಲೈನ್‌ಮನ್ ಹೋಗಿ ನೋಡಿ, ಸರಿ ಅದ ಅಂತ ಬರಾಂವ. ಅಂವ ಬಂದ ಮ್ಯಾಲೆ ಮತ್ತ ಕರಕರ ಅನ್ನಾಕ ಹತ್ತೂದು. ಮೀಟರಿನ ಮುಳ್ಳು ನೋಡಿದರ ತಿಳಿಯೂದಿಲ್ಲ ತಂಗಿ. ಕಿವಿ ಹಚ್ಚಬೇಕು.”

ಕಪಾಟಿನಲ್ಲಿ ಕೆಟ್ಟುಹೋದ ಹಳೆಯ ಫೋನೊಂದಿತ್ತು. ಅವರು ಹೇಳಿದಂತೆ ಅದರ ಕಿವಿಗೆ ಹಿಡಿಯುವ ತುದಿಯನ್ನು ಬಿಚ್ಚಿ ತೆಗೆದೆ. ಜನರೇಟರಿನ ಕಡೆ ವೈರಿನ ಎರಡು ಎಳೆ ಬಿಚ್ಚಿ ಒಂದಕ್ಕೊಂದು ಕೂಡಿಸಿದೆ. ಪ್ಯಾನೆಲಿನ ಕಡೆ ಒಂದು ಟಾರ್ಚಿನ ಸೆಲ್ಲು ಇಟ್ಟು, ಅದರ ಜೊತೆ ಈ ಇಯರ್‌ಫೋನನ್ನು ಸೇರಿಸಿದೆ. ವೈರಿನಲ್ಲಿ ಎಲ್ಲಾದರೂ ಜೋಡಣೆ ಅಲುಗಿದರೆ ಸದ್ದು ಬರುತ್ತದೆ. ಇಷ್ಟು ಸರಳ. ಕಾಲೇಜಿನಲ್ಲಿ ಓದಿದ್ದೆ ಕೂಡ, ಆದರೆ ಕೈಗೆ ಮೀಟರು ಬಂದ ಮೇಲೆ ಮರೆತಿದ್ದೆ.

ಮಾವಶಿ ದಿಂಬಿಗೆ ಒರಗಿ ಕುಳಿತು ಅದನ್ನು ಕಿವಿಗೆ ಒತ್ತಿಕೊಂಡರು, ಕಣ್ಣು ಮುಚ್ಚಿದರು. ಅಷ್ಟು ದಿನ ನಾನು ಕಂಡಿದ್ದ ರೋಗಿ ಅಲ್ಲಿರಲಿಲ್ಲ. ಬೆನ್ನು ನೇರವಾಗಿತ್ತು.

“ಪೈಪು ಹೋದ ದಾರಿ ಗೊತ್ತದಲ್ಲ? ಅದರ ಮ್ಯಾಲೆ ಕಾಲು ಒತ್ತಿ ಒತ್ತಿ ನಡಿ. ಸಪ್ಪಳ ಬಂದರ ಗಂಟಿ ಬಾರಸ್ತೇನಿ.”

ತಮ್ಮನನ್ನು ಕರೆಯಲು ಅವರು ಮಂಚದ ಹತ್ತಿರ ಇಟ್ಟುಕೊಂಡಿದ್ದ ಹಿತ್ತಾಳೆಯ ಗಂಟೆ ಅದು. ನಾನು ಗೋಡೆಯಿಂದ ಶುರುಮಾಡಿ ಒಂದೊಂದೇ ಹೆಜ್ಜೆ ತುಳಿಯುತ್ತ ನಡೆದೆ. ಬಾವಿಯ ಕಟ್ಟೆ ದಾಟಿದೆ, ಬಟ್ಟೆ ಒಗೆಯುವ ಕಲ್ಲು ದಾಟಿದೆ. ಏನೂ ಇಲ್ಲ. ಕೊಟ್ಟಿಗೆಯ ಒಳಗೆ ಹೊಸದಾಗಿ ಹಾಸಿದ ಒಂದು ಚಪ್ಪಟೆ ಫರಸಿ ಕಲ್ಲಿನ ಮೇಲೆ ಕಾಲಿಟ್ಟು ಭಾರ ಹಾಕಿದೆ. ಕಲ್ಲು ಒಂದು ಮೂಲೆಯಲ್ಲಿ ಸ್ವಲ್ಪ ಕುಸಿಯಿತು. ಒಳಗಿಂದ ಗಂಟೆ ಕೇಳಿಸಿತು. ಕಾಲು ತೆಗೆದೆ, ನಿಂತಿತು. ಮತ್ತೆ ತುಳಿದೆ, ಮತ್ತೆ ಕೇಳಿಸಿತು.

ಬೆಳಿಗ್ಗೆ ಆರೂವರೆ, ಸಂಜೆ ಐದೂಕಾಲು. ಹಾಲು ಹಿಂಡುವ ಹೊತ್ತು. ಹಗಲು ಹುಣಸೆ ಮರದ ಕೆಳಗೆ, ರಾತ್ರಿ ಕೊಟ್ಟಿಗೆಯ ಆಚೆ ಮೂಲೆಯ ಮಣ್ಣಿನ ನೆಲದ ಮೇಲೆ ಇರುತ್ತಿದ್ದ ಎಮ್ಮೆ, ಹಾಲು ಹಿಂಡುವಾಗ ಮಾತ್ರ ಈ ಕಲ್ಲಿನ ಮೇಲೆ ನಿಲ್ಲುತ್ತಿತ್ತು. ನನ್ನ ಭಾರಕ್ಕೇ ಕುಸಿಯುವ ಕಲ್ಲು ಎಮ್ಮೆಯ ಭಾರಕ್ಕೆ ಹೇಗೆ ತಡೆದೀತು?

ಮಾಮಾ ಬಾಗಿಲಲ್ಲಿ ನಿಂತಿದ್ದರು. ನಾನು ಹಾರೆ ಕೇಳಿದೆ. ಅವರು ಕೊಡಲಿಲ್ಲ.

“ತಂಗಿ, ಅಲ್ಲಿ ಅಗಿಯೂದು ಬ್ಯಾಡ. ಅಲ್ಲಿ ಏನದ ಅಂತ ನನಗ ಗೊತ್ತದ” ಎಂದರು.

ನಂತರ ಹೇಳಿದರು. ಹಾಲು ಹಿಂಡುವಲ್ಲಿ ಕೆಸರಾಗುತ್ತದೆಂದು ಎರಡು ತಿಂಗಳ ಹಿಂದೆ ಅವರೇ ಆ ಕಲ್ಲು ಹಾಸಿದ್ದರು. ನೆಲ ಸಮ ಮಾಡುವಾಗ ಹಾರೆಯ ಏಟು ಪೈಪಿಗೆ ಬಿದ್ದು ಒಳಗಿನ ವೈರು ತುಂಡಾಯಿತು. ಎಳೆಗಳನ್ನು ಹೊಸೆದು, ಟೇಪು ಸುತ್ತಿ, ಮಣ್ಣು ಮುಚ್ಚಿ, ಮೇಲೆ ಕಲ್ಲು ಹಾಕಿದ್ದರು. ಮೊದಲು ನಡೆಯಿತು. ದೀಪ ಹತ್ತತೊಡಗಿದಾಗ, ಇದರಿಂದಲೇ ಇರಬಹುದೇ ಎಂದು ಅನುಮಾನ ಬಂದರೂ, ನಾನು ಬಂದು ವೈರು ಸರಿಯಿದೆ ಎಂದಾಗ ಅವರಿಗೆ ಜೀವ ಬಂದಂತಾಗಿತ್ತು.

“ಅಕ್ಕಗ ಹೆಂಗ ಹೇಳಲಿ? ಆಕಿ ಉಸಿರಿನ ವೈರು ನಾನಽ ಕಡದೆ ಅಂತ ಹೇಳಲ್ಯಾ?”

ಅವರ ಕಣ್ಣಲ್ಲಿ ನೀರಿತ್ತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ನಾನೇ ಎರಡು ಸಲ ಸರಿಯಿದೆ ಎಂದು ಹೇಳಿಹೋಗಿದ್ದೆನಲ್ಲ. “ನೀವಽ ಹೋಗಿ ಹೇಳ್ರಿ ಮಾಮಾ. ನಾ ಹೇಳೂದು ಸರಿ ಅಲ್ಲ” ಎಂದೆ.

ಅವರು ಒಳಗೆ ಹೋದರು. ನಾನು ಹಿತ್ತಲಲ್ಲೇ ಉಳಿದೆ. ಕಿಟಕಿಯಿಂದ ಮಾವಶಿಯ ಮಾತು ಕೇಳಿಸಿತು. ಬೈಗುಳವಿರಲಿಲ್ಲ.

“ಜಾಯಿಂಟ್ ಹಾಕಿದ್ದಕ್ಕ ನಾ ಏನೂ ಅನ್ನೂದಿಲ್ಲ. ಎರಡು ತಿಂಗಳು ಒಬ್ಬಾವನಽ ಹೊಟ್ಟ್ಯಾಗ ಇಟ್ಟಗೊಂಡು ತಿರಗ್ಯಾಡಿದಿ, ಅದಕ್ಕ ಸಿಟ್ಟು. ಇನ್ನ ಹಿಂಗ ಮಾಡಬ್ಯಾಡ. ಆ ಹುಡುಗಿಗೆ ನಾಷ್ಟಾ ಮಾಡಿ ಹಾಕು, ಮುಂಜಾನಿ ಬಂದಾಳ.”

ಅವಲಕ್ಕಿ ತಿಂದು ಕೆಲಸಕ್ಕೆ ಕೈ ಹಚ್ಚಿದೆವು. ಕಲ್ಲು ಎತ್ತಿದಾಗ ಟೇಪು ಸುಲಿದು, ತಾಮ್ರ ಹಸಿರುಗಟ್ಟಿತ್ತು; ಒಂದು ಎಳೆ ನಾಲ್ಕೇ ಸಣ್ಣ ತಂತಿಗಳ ಮೇಲೆ ನಿಂತಿತ್ತು. ಅದನ್ನು ಮತ್ತೆ ಜೋಡಿಸುವ ಗೋಜಿಗೆ ನಾನು ಹೋಗಲಿಲ್ಲ. ಮಾಮಾ ಪೇಟೆಗೆ ಹೋಗಿ ಹೊಸ ವೈರು, ಹೊಸ ಪೈಪು ತಂದರು. ಕೊಟ್ಟಿಗೆಯ ಸುದ್ದಿಯೇ ಬೇಡವೆಂದು ಕಾಂಪೌಂಡ್ ಗೋಡೆಯ ಗುಂಟ, ಎಲ್ಲರ ಕಣ್ಣಿಗೆ ಬೀಳುವಂತೆ, ನಡುವೆ ಒಂದೂ ಜೋಡಣೆ ಇಲ್ಲದೆ ಎಳೆದೆವು. ಹೊಸ ಪ್ಯಾನೆಲ್ ಕೆಳಗಿಳಿಸಿ ಹಳೆಯದನ್ನೇ ತಿರುಗಿ ಗೋಡೆಗೆ ಹಾಕಿದೆ. ಅದು ಯಾವತ್ತೂ ಕೆಟ್ಟಿರಲಿಲ್ಲ.

ಸಂಜೆ ಐದೂಕಾಲಿಗೆ ಎಮ್ಮೆಯನ್ನು ಮತ್ತೆ ಹಾಸಿದ ಅದರ ಕಲ್ಲಿನ ಮೇಲೆ ನಿಲ್ಲಿಸಲಾಯಿತು. ಪ್ಯಾನೆಲಿನಲ್ಲಿ ಎಲ್ಲ ಸರಿಯಿದೆ ಎನ್ನುವ ಹಸಿರು ದೀಪ ಹಾಗೇ ಇತ್ತು. ನಾನು ಮಾವಶಿಯನ್ನು ಕೇಳಿ ಮೇನ್ ಸ್ವಿಚ್ಚು ಎಳೆದೆ. ಮಷೀನು ಕೂಗಿತು. ಮಾವಶಿ ಸಿಲಿಂಡರಿನ ಕಡೆ ಕೈ ಚಾಚದೆ, ಬೆರಳು ಮಡಚಿ ಎಣಿಸತೊಡಗಿದರು. ಒಂಬತ್ತಕ್ಕೆ ಹಿತ್ತಲ ತುದಿಯಿಂದ ಇಂಜಿನ್ನಿನ ಸದ್ದು ಬಂತು. ಹದಿಮೂರಕ್ಕೆ ಮಷೀನು ಮತ್ತೆ ಉಸಿರಾಡತೊಡಗಿತು.

“ಇನ್ನೊಮ್ಮೆ” ಎಂದರು. ಮೂರು ಸಲ ಮಾಡಿದೆವು. ಮೂರೂ ಸಲ ಒಂಬತ್ತಕ್ಕೇ ಎದ್ದಿತು.

ಅಂಗಡಿಯಲ್ಲಿ ಮಾಲೀಕರು ವಾಪಸು ಬಂದ ಪ್ಯಾನೆಲ್ ನೋಡಿ ಮುಖ ಸಿಂಡರಿಸಿದರು. “ಹಾಕಿದ್ದನ್ನ ಯಾಕ ತಗದಿ?” ಎಂದರು. “ಪ್ಯಾನೆಲ್ ಕೆಟ್ಟಿರಲಿಲ್ರಿ, ನಾವು ತಪ್ಪು ತಿಳಕೊಂಡಿದ್ವಿ. ಅವರಿಗೂ ಹಾಂಗಽ ಹೇಳಿ ಬಂದೇನಿ” ಎಂದೆ. ಅವರು ಪ್ಯಾನೆಲಿನ ಡಬ್ಬಿಯನ್ನು ಶೆಲ್ಫಿನಲ್ಲಿಟ್ಟರು. ಆಮೇಲೆ ಎಲ್ಲಿ ಕೆಂಪು ದೀಪದ ದೂರು ಬಂದರೂ ನನ್ನನ್ನೇ ಕಳಿಸುತ್ತಿದ್ದರು.

ಆ ವರ್ಷದ ಕೊನೆಗೆ ಅನಗೋಳದ ಒಂದು ಮನೆಯಲ್ಲಿ ಅಂಥದೇ ತೊಂದರೆ ಎದುರಾಯಿತು. ವೈರು ಹೊಸದು, ಜೋಡಣೆ ಇಲ್ಲ, ಆದರೂ ದೀಪ ಮತ್ತೆ ಮತ್ತೆ ಹತ್ತುತ್ತಿತ್ತು. ನಾನು ಆ ಮನೆಯವರನ್ನು ಕೇಳಿ ಅವರ ಫೋನಿನಿಂದಲೇ ಖಾನಾಪುರಕ್ಕೆ ಹಚ್ಚಿದೆ. ಮಾವಶಿ ಎಲ್ಲ ಕೇಳಿಕೊಂಡು, “ಯಾವ ಹೊತ್ತಿನ್ಯಾಗ?” ಎಂದರು.

“ಮುಂಜಾನೆ, ಮನಿಯವರು ಜಳಕಾ ಮಾಡೂ ಹೊತ್ತಿಗೆ ಅಂತಾರ್ರಿ.”

“ಹಂಗಾರ ಬಚ್ಚಲ ಗ್ವಾಡಿ ಹಿಂದ ಹೋಗಿ ನೋಡು. ಬಿಸಿ ತಾಕೇತೇನೋ. ಆಮ್ಯಾಲೆ ಫೋನ್ ಮಾಡು, ಏನಿತ್ತು ಅನ್ನೂದು ನನಗೂ ತಿಳೀಬೇಕಲ್ಲ.”

ಬಚ್ಚಲಿನ ಬಾಯ್ಲರ್ ಕೊಳವೆಗೆ ವೈರು ತಾಗಿ ಅದರ ಹೊದಿಕೆ ಕರಗಿತ್ತು. ಅದನ್ನು ಬದಲಿಸಿ, ಕೈ ತೊಳೆದುಕೊಂಡು, ಫೋನು ಎತ್ತಿಕೊಂಡೆ.