ಅವ್ವ ಅಂತ ಕರೆದದ್ದು ನನ್ನನ್ನು

ನನ್ನ ಮಗಳು ಹುಟ್ಟಿದ್ದು ಯಳಂದೂರಿನಲ್ಲಿ, ಅವಳ ಅಜ್ಜಿಯ ಮನೆಯಲ್ಲಿ. ಅರವತ್ತರ ದಶಕದ ನಡುವಿನ ಮಾತು. ಆಗ ನಾನು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದೆ. ಮಗ್ಗ ನಮ್ಮ ನಡುಮನೆಯಲ್ಲೇ ಇತ್ತು. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಗುಂಡಿಮಗ್ಗ. ನನ್ನ ಹೆಂಡತಿ ಹನೂರಿನ ಪ್ರೈಮರಿ ಸ್ಕೂಲಿನಲ್ಲಿ ಟೀಚರು. ಬೆಳಿಗ್ಗೆ ಮಾದೇಶ್ವರನ ಬೆಟ್ಟದ ಕಡೆಗೆ ಹೊರಡುವ ಬಸ್ಸು ಹಿಡಿದು ಹೋದರೆ, ವಾಪಸ್ಸು ಬರುವುದು ದೀಪ ಹಚ್ಚುವ ಹೊತ್ತಿಗೆ. ಹೆಂಡತಿ ಕೆಲಸಕ್ಕೆ ಹೋಗಿ ಗಂಡ ಮನೆಯಲ್ಲಿ ಉಳಿಯುವ ಸಂಸಾರ ನಮ್ಮ ಬೀದಿಯಲ್ಲಿ ನಮ್ಮದೊಂದೇ.

ಹೆರಿಗೆಯ ರಜೆಗೆ ದಸರಾ ರಜೆಯೂ ಅಂಟಿಕೊಂಡು ನಾಲ್ಕು ತಿಂಗಳು ಕಳೆದವು. ಭಾನುವಾರಗಳಲ್ಲಿ ನಾನು ಯಳಂದೂರಿಗೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ಕೂಸು ಅಜ್ಜಿಯ ಹೆಗಲ ಮೇಲಿನಿಂದ ನನ್ನನ್ನು ನೆಂಟನನ್ನು ನೋಡಿದ ಹಾಗೆ ನೋಡುತ್ತಿತ್ತು. ನಾನು ಎತ್ತಿಕೊಂಡರೆ ಚಿವುಟಿದ ಹಾಗೆ ಅಳುತ್ತಿತ್ತು. ಅತ್ತೆ "ಗೊತ್ತಿಲ್ವಲ್ಲ, ಅದಕ್ಕೇ" ಎಂದು ನನ್ನ ಕೈಯಿಂದ ತೆಗೆದುಕೊಂಡ ಕೂಡಲೇ ಅಳು ನಿಲ್ಲುತ್ತಿತ್ತು. ಅತ್ತೆ ಒಳ್ಳೆಯ ಹೆಂಗಸು. ಆದರೂ ಅವರ ಕೈಯಲ್ಲಿ ಅಳು ನಿಂತಾಗಲೆಲ್ಲ ನನಗೆ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಗುತ್ತಿತ್ತು.

ರಜೆ ಮುಗಿದಾಗ ಅತ್ತೆ ಅಂದರು, "ಕೂಸ ಇಲ್ಲೇ ಬುಟ್ಟೋಗಿ. ವಾರಕ್ಕೊಂದ್ಸಲ ಬಂದು ನೋಡ್ಕಂಡೋಗಿ. ಗಂಡಸರು ಕೂಸ ಸಾಕದುಂಟಾ ಅಳಿಯಂದ್ರೇ?"

"ಇಡೀ ದಿನ ಮಗ್ಗದ ಮುಂದೇ ಕೂತಿರ್ತೀನಲ್ಲತ್ತೆ. ಪಕ್ಕದಲ್ಲಿ ಒಂದು ಜೋಲಿ ಕಟ್ಕತೀನಿ," ಅಂದೆ.

ಹೆಂಡತಿ ನನ್ನ ಮುಖ ನೋಡಿದಳು. ಅವಳಿಗೂ ಮಗಳನ್ನು ಬಿಟ್ಟು ಬರುವುದು ಬೇಕಿರಲಿಲ್ಲ. ಅವತ್ತೇ ಮೂವರೂ ಬಸ್ಸು ಹತ್ತಿದೆವು.

ಮೊದಲ ಹದಿನೈದು ದಿನ ನಾನು ಪಟ್ಟ ಪಾಡನ್ನು ಹೇಳಿ ಮುಗಿಸುವುದಕ್ಕಾಗುವುದಿಲ್ಲ. ಹೆಂಡತಿ ಮಗಳಿಗೆ ಕಾಣದ ಹಾಗೆ ಹಿತ್ತಲ ಬಾಗಿಲಿಂದ ಹೋಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕೂಸಿಗೆ ಅದು ತಿಳಿಯುತ್ತಿತ್ತು. ಆಮೇಲೆ ಶುರುವಾದ ಅಳು ಬೀದಿಯ ಕೊನೆಗೆ ಕೇಳುತ್ತಿತ್ತು. ಪಕ್ಕದ ಮನೆಯ ಅಜ್ಜಿ, ನನಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದವಳು, ಬಂದು ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹುಯ್ಯುತ್ತಿದ್ದಳು. ಮಿಕ್ಕಿದ್ದೆಲ್ಲ ನನ್ನ ಪಾಲು. ಹಸುವಿನ ಹಾಲಿಗೆ ನೀರು ಬೆರೆಸಿ ಕಾಯಿಸಿ, ಆರಿಸಿ, ಒಳಲೆಯ ಮೂತಿಯನ್ನು ತುಟಿಗಿಟ್ಟು ಹನಿಹನಿಯಾಗಿ ಕುಡಿಸುವುದನ್ನು ಕಲಿತೆ. ಆರನೆಯ ತಿಂಗಳಿಗೆ ರಾಗಿ ಸರಿ ಕಾಯಿಸುವುದನ್ನೂ ಕಲಿತೆ. ಗಂಟಾಗದ ಹಾಗೆ ಕದಡುವುದು ಜರಿ ನೇಯುವುದಕ್ಕಿಂತ ಕಷ್ಟದ ಕೆಲಸ.

ಹಳೆಯ ಸೀರೆಯನ್ನು ತೊಲೆಗೆ ಕಟ್ಟಿ ಜೋಲಿ ಮಾಡಿದೆ. ಅದರಿಂದ ಒಂದು ದಾರ ತಂದು ಎಡಗಾಲಿನ ಹೆಬ್ಬೆರಳಿಗೆ ಸುತ್ತಿಕೊಂಡೆ. ನಾನು ಗುಂಡಿಯಲ್ಲಿ ತುಳಿದಾಗಲೆಲ್ಲ ಜೋಲಿ ತೂಗುತ್ತಿತ್ತು. ಲಾಳಿಯ ಸದ್ದಿಗೆ ಮಗಳು ಎಷ್ಟು ಒಗ್ಗಿಹೋದಳೆಂದರೆ, ಎಳೆ ತುಂಡಾಗಿ ನಾನು ನಿಲ್ಲಿಸಿದರೆ ಸಾಕು, ಕಣ್ಣು ಬಿಡುತ್ತಿದ್ದಳು. ಮಗುಚಿಕೊಂಡದ್ದು ನನ್ನ ಮುಂದೆ. ತೆವಳಿದ್ದು ನನ್ನ ಮುಂದೆ. ಮೊದಲ ಹಲ್ಲು ತಗುಲಿದ್ದು ನನ್ನ ಬೆರಳಿಗೆ. ಅಂಬೆಗಾಲಿಡುವ ಹೊತ್ತಿಗೆ ಗುಂಡಿಗೆ ಬಿದ್ದಾಳೆಂದು ಹೆದರಿ, ಅವಳ ಸೊಂಟಕ್ಕೆ ಹಳೆಯ ಪಂಚೆಯ ಒಂದು ತುದಿ ಕಟ್ಟಿ ಇನ್ನೊಂದನ್ನು ಕಂಬಕ್ಕೆ ಬಿಗಿದೆ. ಅಷ್ಟು ದೂರದಲ್ಲಿ ಕೂತು ಖಾಲಿ ಕಂಡಿಕೆಗಳನ್ನು ನೆಲಕ್ಕೆ ಬಡಿಯುತ್ತ ನನ್ನ ಜೊತೆ ಮಾತಾಡುತ್ತಿದ್ದಳು. ಅವಳ ಮಾತಿಗೆ ಪದಗಳಿರಲಿಲ್ಲ, ಆದರೂ ನಾನು ಉತ್ತರ ಕೊಡುತ್ತಿದ್ದೆ.

ಹೀಗೆ ಹಗಲೆಲ್ಲ ಅವಳು ನನ್ನವಳು. ಸಂಜೆಯಾದರೆ ನಾನು ಯಾರೋ.

ಹನೂರು ಕಡೆಯ ಬಸ್ಸಿನ ಹಾರನ್ನು ಅವಳಿಗೆ ಗೊತ್ತಾಗುತ್ತಿತ್ತು. ಬೇರೆ ಬಸ್ಸುಗಳಿಗೆ ತಲೆಯೆತ್ತದವಳು ಆ ಹಾರನ್ನಿಗೆ ಮಾತ್ರ ಕೈಯಲ್ಲಿದ್ದದ್ದನ್ನು ಬಿಟ್ಟು ಬಾಗಿಲ ಕಡೆ ತಿರುಗುತ್ತಿದ್ದಳು. ಹೆಂಡತಿ ಬೀದಿಯ ಮೂಲೆಯಲ್ಲಿ ಕಂಡದ್ದೇ, ಮಗಳು ನನ್ನ ತೋಳಿನಲ್ಲಿ ಮೀನಿನ ಹಾಗೆ ಒದ್ದಾಡಿ ಅವಳತ್ತ ಜಾರುತ್ತಿದ್ದಳು. ಹೆಂಡತಿ ಚೀಲ ಕೆಳಗಿಟ್ಟು, ಕೈಕಾಲು ತೊಳೆಯುವಷ್ಟೂ ಪುರಸೊತ್ತಿಲ್ಲದೆ ಗೋಡೆಗೊರಗಿ ಕೂತು ಸೆರಗು ಮರೆಮಾಡಿ ಹಾಲು ಕೊಡುತ್ತಿದ್ದಳು. ಇಡೀ ದಿನ ಕಟ್ಟಿಕೊಂಡ ಹಾಲಿಗೆ ಅವಳ ರವಿಕೆ ಒದ್ದೆಯಾಗಿರುತ್ತಿತ್ತು. ಮಗಳು ಒಂದು ಕೈಯಿಂದ ಅವಳ ತಾಳಿಸರ ಹಿಡಿದುಕೊಂಡು, ಕಣ್ಣು ಅರ್ಧ ಮುಚ್ಚಿ ಕುಡಿಯುತ್ತಿದ್ದಳು. ನಾನು "ಕೂಸೇ" ಅಂದರೆ ಒಂದು ಕಣ್ಣು ನನ್ನ ಕಡೆ ಹೊರಳಿ, ಹಾಗೇ ವಾಪಸ್ಸು ಹೋಗುತ್ತಿತ್ತು. ಆ ಮೇಲೆ ಬೆಳಗಿನ ತನಕ ನಾನು ಬೇಕಾಗಿರಲಿಲ್ಲ.

ಬೀದಿಯ ಹೆಂಗಸರು ಅದನ್ನು ನೋಡಿ ಸಂತೋಷಪಡುತ್ತಿದ್ದರು. ಪಕ್ಕದ ಮನೆಯ ಅಜ್ಜಿ ಒಂದು ದಿನ ಜಗಲಿಯ ಮೇಲೆ ಕೂತು, "ಎಷ್ಟು ಸಾಕುದ್ರೂ ತಾಯಿ ಮಡ್ಲು ತಾಯಿ ಮಡ್ಲೇ ಕನಪ್ಪ," ಅಂದಳು.

"ಹಗಲೆಲ್ಲ ಸಾಕೋನು ನಾನಲ್ವಾ?" ಅಂದೆ.

"ಸಾಕ್ಕೋ, ಯಾರು ಬ್ಯಾಡ ಅಂದರು," ಅಂತ ಎಲೆಗೆ ಸುಣ್ಣ ಹಚ್ಚಿಕೊಂಡಳು.

ನಾನು ಒಳಗೆ ಬಂದು ಮಗ್ಗಕ್ಕೆ ಕೂತೆ. ಎಳೆ ಒತ್ತುವ ಹಲಗೆಯನ್ನು ಅಷ್ಟು ಜೋರಾಗಿ ಬಡಿದದ್ದು ಹೆಂಡತಿಗೆ ಕೇಳಿಸಿರಬೇಕು. ಅವಳು ಒಳಗಿನಿಂದ, "ಕೂಸು ಮಲಗ್ತಾ ಅದೆ, ಮೆತ್ತಗೆ," ಅಂದಳು. ನನ್ನ ಮಗ್ಗದ ಸದ್ದಿಲ್ಲದೆ ಹಗಲು ನಿದ್ದೆ ಮಾಡದ ಕೂಸಿಗೆ ಸಂಜೆ ಆ ಸದ್ದೇ ಉಪದ್ರವವಾಗಿತ್ತು. ಇದಕ್ಕಿಂತ ಹೆಚ್ಚು ಇನ್ನೇನು ಬೇಕು ಒಬ್ಬ ಮನುಷ್ಯನಿಗೆ ಹೊಟ್ಟೆ ಉರಿಯೋದಕ್ಕೆ? ಹಾಲು ಬರುವ ಎದೆ ದೇವರು ನನಗೆ ಕೊಡಲಿಲ್ಲ. ಅದರ ಮುಂದೆ ನನ್ನ ರಾಗಿ ಸರಿ, ನನ್ನ ಒಳಲೆ, ನನ್ನ ಕಾಲಿನ ದಾರ ಯಾವುದೂ ನಿಲ್ಲುತ್ತಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರುವ ಕಾಲ. ಒಂದು ಮಧ್ಯಾಹ್ನ ಸೀರೆಯ ಸೆರಗಿನ ಕೆಲಸ ಬಂದಿತ್ತು, ಕಣ್ಣೆತ್ತುವ ಹಾಗಿರಲಿಲ್ಲ. ಮಗಳಿಗೆ ಹಸಿವಾಗುವ ಹೊತ್ತು ಮೀರಿತ್ತು. ಅವಳು ಕಟ್ಟಿದ ಪಂಚೆ ಬಿಗಿಯಾಗುವಷ್ಟು ದೂರ ಗುಂಡಿಯ ಕಡೆ ಬಂದು, ಎರಡು ಕೈ ಊರಿ, ನನ್ನನ್ನು ನೋಡಿ "ಅವ್ವ" ಅಂದಳು.

ಲಾಳಿ ನನ್ನ ಕೈಯಲ್ಲೇ ನಿಂತಿತು. ಇನ್ನೊಂದು ಸಲ ಅಂದಳು, "ಅವ್ವ." ಸುಮ್ಮನೆ ತುಟಿಯಾಡಿಸಿದ್ದಲ್ಲ. ನನ್ನನ್ನು ಕರೆದದ್ದು. ನಾನು ಎದ್ದು ಸರಿ ತಂದು ಉಣ್ಣಿಸಿದೆ. ಪ್ರತಿ ತುತ್ತಿಗೂ ಬಾಯಿ ತೆರೆಯುತ್ತ "ಅವ್ವ, ಅವ್ವ" ಅಂದಳು.

ಪಕ್ಕದ ಮನೆಯ ಅಜ್ಜಿಯನ್ನು ಕೂಗಿ ಕೇಳಿಸಿದೆ. ಅವಳು ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕು, "ಅನ್ನ ಇಕ್ಕಿದೋರೇ ಅವ್ವ, ಅಷ್ಟೇಯ," ಅಂದಳು. ನನಗೆ ಅದು ತಮಾಷೆಯಾಗಿ ಕೇಳಲಿಲ್ಲ. ನೂಲು ಕೊಟ್ಟು ಸೀರೆ ನೇಯಿಸುವ ಸಾಹುಕಾರರು ಜರಿ ಶಾಲು ಹೊದಿಸಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ.

ಸಂಜೆ ಹೆಂಡತಿ ಬಂದಾಗ ಅವಳು ಚೀಲ ಇಡುವುದಕ್ಕೆ ಮುಂಚೆಯೇ ಹೇಳಿದೆ. "ಮಾತು ಬಂತು ಕಣೇ. ಅವ್ವ ಅಂದಳು."

ಅವಳ ಮುಖ ಅರಳಿತು. "ನಾನು ಇಲ್ದಿದ್ದಾಗ್ಲಾ? ನನ್ನ ನೆನೆಸ್ಕಂಡ್ಲಾ?"

"ನಿನ್ನನ್ನಲ್ಲ. ನನ್ನನ್ನ ಕರೆದದ್ದು."

ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಮಗಳನ್ನು ಎತ್ತಿಕೊಂಡು, ಗಲ್ಲ ಹಿಡಿದು, "ಅವ್ವ ಅನ್ನು. ಅವ್ವ ಅನ್ನು ಕಂದ," ಅಂದಳು. ಮಗಳು ಅವಳ ರವಿಕೆಯ ಗುಂಡಿ ಹುಡುಕುತ್ತಿದ್ದಳು, ಏನೂ ಅನ್ನಲಿಲ್ಲ. ಹಾಲು ಕುಡಿದು ಹೊಟ್ಟೆ ತುಂಬಿದ ಮೇಲೆ ನನ್ನ ಕಡೆ ತಿರುಗಿ, ಸ್ಪಷ್ಟವಾಗಿ, "ಅವ್ವ" ಅಂದಳು.

ಹೆಂಡತಿ ಎದ್ದು ಒಲೆ ಹಚ್ಚುವುದಕ್ಕೆ ಹೋದಳು. ನನಗೆ ಪಾಪ ಅನ್ನಿಸಿದ್ದು ನಿಜ. ಆದರೆ ಅದಕ್ಕಿಂತ ಮುಂಚೆ, ಸಂಜೆಗಳಲ್ಲಿ ಗೋಡೆಗೊರಗಿ ಅವಳು ಪಡೆಯುತ್ತಿದ್ದುದರಲ್ಲಿ ಒಂದಿಷ್ಟನ್ನು ನಾನು ಕಿತ್ತುಕೊಂಡೆ ಅನ್ನುವ ಖುಷಿ ಬಂದದ್ದೂ ನಿಜ.

ಮುಂದಿನ ಭಾನುವಾರದಿಂದ ಅವಳು ಪಾಠ ಶುರುಮಾಡಿದಳು. ತನ್ನ ಎದೆ ಮುಟ್ಟಿಕೊಂಡು "ಅವ್ವ," ನನ್ನ ಕಡೆ ತೋರಿಸಿ "ಅಪ್ಪ." ಟೀಚರಲ್ಲವೇ, ಅವಳ ತಾಳ್ಮೆಗೆ ಕೊನೆಯಿರಲಿಲ್ಲ. ಸೋಮವಾರದಿಂದ ಶನಿವಾರದವರೆಗೆ ಆ ಪಾಠ ಅಳಿಸಿಹೋಗುತ್ತಿತ್ತು. ನಾನು ತಿದ್ದುತ್ತಿರಲಿಲ್ಲ. ಮಗಳು ಹಾಗೆ ಕರೆದರೆ "ಏನವ್ವ?" ಅಂತ ಓಗೊಡುತ್ತಿದ್ದೆ.

ಬೇಸಿಗೆ ರಜೆ ಬಂದಾಗ ಹೆಂಡತಿ, "ಯಳಂದೂರಿಗೆ ಹೋಗಿ ಸ್ವಲ್ಪ ದಿನ ಇದ್ದು ಬತ್ತೀನಿ," ಅಂದಳು.

"ಎಷ್ಟು ದಿನ?"

"ರಜ ಇರೋಗಂಟ. ನಿಮಗೂ ನೆಮ್ಮದಿಯಾಗಿ ಕೆಲಸ ಆಯ್ತದೆ."

ಬೇಡ ಅನ್ನುವುದಕ್ಕೆ ನನಗೆ ಕಾರಣ ಸಿಗಲಿಲ್ಲ. ಬಸ್ಸು ಹತ್ತಿಸಿ ಬಂದೆ. ಜೋಲಿಯನ್ನು ಬಿಚ್ಚಿ ಮಡಿಸಿಟ್ಟೆ. ಕೆಲಸ ನೆಮ್ಮದಿಯಾಗಿ ಆಗುತ್ತದೆ ಅಂತ ಅವಳಂದದ್ದು ಸುಳ್ಳಾಯಿತು. ಗುಂಡಿಯಲ್ಲಿ ಕೂತರೆ ಎಡಗಾಲು ಹಗುರವಾಗಿ, ತುಳಿತವೇ ತಪ್ಪಿದ ಹಾಗಾಗುತ್ತಿತ್ತು. ಅಲ್ಲಿ ಅತ್ತೆ, ಭಾಮೈದ, ಅಕ್ಕಪಕ್ಕದವರು ಎಲ್ಲ ನನ್ನ ಮಗಳನ್ನು ಕೈಯಿಂದ ಕೈಗೆ ಎತ್ತಿಕೊಂಡು ತಿರುಗುತ್ತಿದ್ದಾರೆ ಅನ್ನುವುದನ್ನು ನೆನೆಸಿಕೊಂಡೇ ಸಂಕಟ. ಎರಡು ವಾರ ತಡೆದೆ. ಆಮೇಲೆ ಮಗ್ಗಕ್ಕೆ ಬಟ್ಟೆ ಹೊದಿಸಿ ಯಳಂದೂರಿಗೆ ಹೊರಟೆ.

ನಾನು ಊರು ಮುಟ್ಟಿದಾಗ ಮಟಮಟ ಮಧ್ಯಾಹ್ನ. ಹೆಂಡತಿ ಪಡಸಾಲೆಯಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಅತ್ತೆ ನೀರು ತಂದುಕೊಟ್ಟು, ನಾನು ಕುಡಿಯುವ ಮುಂಚೆಯೇ, "ಇವರು ಯಾರವ್ವ, ಹೇಳು ನೋಡಾನ?" ಅಂತ ಕೂಸನ್ನು ಕೇಳಿದರು. ಮನೆಯವರೆಲ್ಲ ಬಂದು ಸುತ್ತ ನಿಂತರು. ಇದು ಅವರು ದಿನಾ ಆಡಿ ಪಳಗಿಸಿದ ಆಟ ಅಂತ ನನಗೆ ಅರ್ಥವಾಯಿತು.

ಮಗಳು ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಾಯಿಯ ಹೆಗಲಲ್ಲಿ ಮುಖ ಹುದುಗಿಸಿ, ಅಲ್ಲಿಂದಲೇ "ಅಪ್ಪ" ಅಂದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. "ಮತ್ತೆ ಇವಳು ಯಾರು?" ಅಂದರು ಅತ್ತೆ. ಮಗಳು ಮುಖ ಎತ್ತಿ ಹೆಂಡತಿಯ ಗಲ್ಲ ಮುಟ್ಟಿ "ಅವ್ವ" ಅಂದಳು. ನಾನೂ ನಕ್ಕೆ. ಅಪ್ಪನನ್ನು ಅಪ್ಪ ಅಂತ ಕರೆದರೆ ಯಾರಾದರೂ ಮುಖ ಸಣ್ಣದು ಮಾಡಿಕೊಳ್ಳುತ್ತಾರೆಯೇ? ಆದರೆ ಅಷ್ಟು ಜನರ ನಡುವೆ ನನ್ನ ಕೆಲಸವನ್ನು ಕಿತ್ತುಕೊಂಡು ಬೇರೆ ಯಾರಿಗೋ ಕೊಟ್ಟ ಹಾಗಾಯಿತು.

ಊಟವಾದ ಮೇಲೆ ಹಿತ್ತಲಿನ ನುಗ್ಗೆಮರದ ಹತ್ತಿರ ಕೈ ತೊಳೆಯುತ್ತ ನಿಂತಿದ್ದೆ. ಹೆಂಡತಿ ಚೊಂಬು ಹಿಡಿದು ಬಂದಳು.

"ಬೇಜಾರಾಯ್ತಾ?" ಅಂದಳು.

"ಯಾಕೆ ಬೇಜಾರು? ಸರಿಯಾದ್ದನ್ನೇ ಕಲಿಸಿದ್ದೀಯ."

ಅವಳು ನನ್ನ ಕೈಗೆ ನೀರು ಹುಯ್ಯುತ್ತ ಅಂದಳು, "ನೀವು ಸಂಜೆ ಹೇಳ್ತಿದ್ರಲ್ಲ, ಇವತ್ತು ಮಗುಚ್ಕಂಡ್ಲು, ಇವತ್ತು ಹಲ್ಲು ಬಂತು ಅಂತ. ಅದ ಕೇಳಿ ಕೇಳಿ ನಂಗೆ ಹೊಟ್ಟೆ ಉರಿಯದು. ಹನೂರಲ್ಲಿ ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದುಸ್ತಾ ಕೂತಿರ್ತೀನಿ, ಬೆಲ್ಲಿನ ಹೊತ್ತಿಗೆ ಹಾಲು ಇಳಿದು ಸೆರಗು ಒದ್ದೆಯಾಯ್ತದೆ. ಯಾರಿಗೆ ಹೇಳನ? ನೀವು ಮಾತ್ರ ದಿನಾ ಒಂದು ಹೊಸದ ಹೇಳ್ತೀರಿ." ಚೊಂಬನ್ನು ಕೆಳಗಿಟ್ಟು, "ಅವ್ವ ಅನ್ನೋ ಮಾತೊಂದು ನಂಗೆ ಇರಲಿ. ಮಿಕ್ಕಿದ್ದೆಲ್ಲಾನೂ ನಿಮ್ಮ ಹತ್ರವೇ ಅದೆಯಲ್ಲ," ಅಂದಳು.

ಇಷ್ಟು ತಿಂಗಳು ಅವಳು ಗೋಡೆಗೊರಗಿ ಕೂತದ್ದನ್ನು ನೋಡಿ ನಾನು ಬೆಂದಿದ್ದೆ. ಅವಳು ಬಸ್ಸಿನ ಕಿಟಕಿಗೆ ಒರಗಿ ಬೆಂದಿರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. "ಇರಲಿ ಬುಡು," ಅಂದೆ. ಹೆಗಲ ಮೇಲಿನ ಟವಲಿನಿಂದ ಕೈ ಒರೆಸಿಕೊಂಡೆ. ಅವಳು ಅದೇ ಟವಲಿನ ತುದಿಯಲ್ಲಿ ಕಣ್ಣು ಒತ್ತಿಕೊಂಡು ಒಳಗೆ ಹೋದಳು.

ಅದಾದ ಮೇಲೆ ಹೊಟ್ಟೆಕಿಚ್ಚು ಹೋಯಿತು ಅಂತೇನಲ್ಲ. ಸ್ಕೂಲು ತೆರೆದ ಮೇಲೆ ಮಗಳು ಮತ್ತೆ ನನ್ನ ಹತ್ತಿರವೇ ಬೆಳೆದಳು, ನಮ್ಮ ಮನೆಯ ಕಂಬ ಹಿಡಿದು ಎದ್ದು ನಿಂತಳು, ನಡೆದಳು. ಆದರೆ ಅವಳು ಹೆಜ್ಜೆಯಿಟ್ಟ ದಿನ ನಾನು ಸಂಜೆ ಬಾಯಿ ಬಿಡಲಿಲ್ಲ. ಹೆಂಡತಿ ಅಂಗಳದಲ್ಲಿ ನಿಂತಾಗ ಮಗಳನ್ನು ಹೊಸ್ತಿಲ ಹತ್ತಿರ ಇಳಿಸಿ ಕೈಬಿಟ್ಟೆ. ತೂರಾಡುತ್ತ ಹೋಗಿ ತಾಯಿಯ ಸೀರೆ ಹಿಡಿದುಕೊಂಡಳು. "ಅಯ್ಯೋ, ನಡೆದಳು ನೋಡಿ," ಅಂತ ಹೆಂಡತಿ ಕೂತುಬಿಟ್ಟಳು. ಪಕ್ಕದ ಮನೆಯ ಅಜ್ಜಿಗೆ ವಿಷಯ ಗೊತ್ತಿತ್ತು. ನನ್ನ ಮುಖ ನೋಡಿ ಎಲೆ ಮಡಿಸಿಕೊಂಡಳು.

ಮಗಳಿಗೆ ಮೂರು ತುಂಬಿದ ವರ್ಷ ಹೆಂಡತಿಗೆ ಕೊಳ್ಳೇಗಾಲದ ಸ್ಕೂಲಿಗೇ ವರ್ಗವಾಯಿತು. ಸೇರಿಸುವ ವಯಸ್ಸಾಗದಿದ್ದರೂ ಜೊತೆಯಲ್ಲೇ ಕರೆದುಕೊಂಡು ಹೋಗತೊಡಗಿದಳು. ಬೆಳಿಗ್ಗೆ ಇಬ್ಬರೂ ತಲೆ ಬಾಚಿ, ಒಂದೇ ಮಾಲೆಯ ಹೂವನ್ನು ತುಂಡು ಮಾಡಿ ಮುಡಿದು, ಕೈಕೈ ಹಿಡಿದು ಬೀದಿಯಲ್ಲಿ ಹೋಗುತ್ತಿದ್ದರು. ಬಾಗಿಲಲ್ಲಿ ನಿಂತು ನೋಡುವಾಗ ನನಗೆ ಏನೂ ಅನ್ನಿಸಲಿಲ್ಲ ಅಂದರೆ ಅದು ಸುಳ್ಳು. ನಡುವೆ ಎಬ್ಬಿಸುವವರಿಲ್ಲದೆ ಆ ತಿಂಗಳು ಸೀರೆ ಎಂದಿಗಿಂತ ಬೇಗ ಮಗ್ಗದಿಂದ ಇಳಿಯಿತು. ಸಾಹುಕಾರರು ಅಂಚನ್ನು ಬೆಳಕಿಗೆ ಹಿಡಿದು ನೋಡಿ, "ಈ ನಡುವೆ ಕೈ ಚುರುಕಾಗ್ಯದೆ ಕಣಪ್ಪ ನಿಂದು," ಅಂದರು. ಹೌದು ಸಾ ಅಂದು, ಮುಂದಿನ ಸೀರೆಯ ಹಾಸಿನ ನೂಲು ತೆಗೆದುಕೊಂಡು ಮನೆಗೆ ಬಂದೆ.